ಮಗು ಹತ್ತಿರ ಹೋದರೆ ನಾಯಿ ಗುರ್ ಅನ್ನುತ್ತಿದೆ, ಏನು ಮಾಡುವುದು?

ಅಂಬೆಗಾಲು:
ನಮ್ಮ ಮನೆಯಲ್ಲಿ ಐದು ವರ್ಷದ ಗಂಡು ನಾಯಿ ಇದೆ. ಮರಿಯಿಂದ ನಾವೇ ಸಾಕಿದ್ದು, ಇಲ್ಲಿಯವರೆಗೆ ಯಾರನ್ನೂ ಕಚ್ಚಿಲ್ಲ. ಮಗಳಿಗೆ ಈಗ ಒಂಬತ್ತು ತಿಂಗಳು, ಅಂಬೆಗಾಲಿಡಲು ಶುರು ಮಾಡಿದ್ದಾಳೆ. ಕೈಯಲ್ಲಿ ಎತ್ತಿಕೊಂಡಿದ್ದಷ್ಟು ದಿನ ಏನೂ ತೊಂದರೆ ಇರಲಿಲ್ಲ. ಈಗ ಅವನ ಹಾಸಿಗೆ ಕಡೆಗೋ ಊಟದ ಬಟ್ಟಲ ಕಡೆಗೋ ಹೋದರೆ ಮೈ ಬಿಗಿ ಮಾಡಿಕೊಂಡು ಗುರ್ ಅನ್ನುತ್ತಾನೆ. ನಮ್ಮ ಯಜಮಾನರು ಪ್ರತಿ ಸಲ ಜೋರಾಗಿ ಗದರಿಸುತ್ತಾರೆ. ಅತ್ತೆ ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ಮಕ್ಕಳು, ನಾಯಿ ಎರಡನ್ನೂ ಒಟ್ಟಿಗೆ ನೋಡಿಕೊಂಡವರು ಹೇಳಿ.

ಕರಿಮೂತಿ:
ಮೊದಲು ಗದರಿಸುವುದನ್ನು ನಿಲ್ಲಿಸಲು ಹೇಳಿ. ಹೊಡೆಯುವುದಂತೂ ಬೇಡವೇ ಬೇಡ. ಗುರ್ ಅನ್ನುವ ನಾಯಿ ನಿಮಗೆ ಉಪಕಾರ ಮಾಡುತ್ತಿದೆ, ನನಗೆ ಇದು ಆಗುತ್ತಿಲ್ಲ ಅಂತ ಮುಂಚೆಯೇ ತಿಳಿಸುತ್ತಿದೆ. ಬೈದರೆ ಅದರ ಹೆದರಿಕೆ ಹೋಗುವುದಿಲ್ಲ, ಗುರ್ ಅನ್ನುವುದು ಮಾತ್ರ ನಿಲ್ಲುತ್ತದೆ. ಆಮೇಲೆ ಒಂದು ದಿನ ಸದ್ದಿಲ್ಲದೆ ಬಾಯಿ ಹಾಕುತ್ತದೆ, ಆಗ ಎಲ್ಲರೂ "ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು" ಅನ್ನುತ್ತಾರೆ. ಇನ್ನೊಂದು, ಮಗು ಹತ್ತಿರ ಬಂದಾಗಲೆಲ್ಲ ಬೈಗುಳ ಬಿದ್ದರೆ ಮಗು ಬಂತು ಅಂದರೆ ತನಗೆ ಗ್ರಹಚಾರ ಅಂತ ಅದು ಕಲಿತುಬಿಡುತ್ತದೆ.

ಗುರ್ ಅಂದ ಕ್ಷಣ ಮಗುವನ್ನು ಎತ್ತಿಕೊಳ್ಳಿ, ಇಲ್ಲವೇ ನಾಯಿಯನ್ನು ಮಾಮೂಲಿ ದನಿಯಲ್ಲಿ ಬೇರೆ ಕಡೆ ಕರೆಯಿರಿ. ಕೂಗಾಟ ಬೇಡ. ಕೊರಳಪಟ್ಟಿ ಹಿಡಿದು ಎಳೆಯಬೇಡಿ, ಆ ಹೊತ್ತಿನಲ್ಲಿ ನಿಮ್ಮ ಕೈಗೇ ಬಾಯಿ ಹಾಕಬಹುದು.

ಈಗಲೇ ಯಾಕೆ ಶುರುವಾಯಿತು ಅಂದರೆ, ತೋಳಲ್ಲಿದ್ದ ಮಗು ಅದಕ್ಕೆ ಅಷ್ಟು ದೊಡ್ಡ ವಿಷಯ ಆಗಿರಲಿಲ್ಲ. ನೆಲಕ್ಕಿಳಿದು, ಅದರ ಕಣ್ಣಿನ ಮಟ್ಟಕ್ಕೇ ಮುಖ ತಂದು, ನೆಟ್ಟಗೆ ನೋಡುತ್ತ, ಸಿಕ್ಕಿದ್ದನ್ನು ಹಿಡಿದೆಳೆಯುತ್ತ ಬರುವ ಮಗು ಬೇರೆಯೇ ಪ್ರಾಣಿ. ಯಾವಾಗ ಕಿರುಚುತ್ತದೋ, ಯಾವ ಕಡೆ ತಿರುಗುತ್ತದೋ ನಾಯಿಗೆ ಅಂದಾಜಾಗುವುದಿಲ್ಲ. ಮನೆ ನಾಯಿಯೇ ಮಗುವಿಗೆ ಕಚ್ಚುವುದು ಅಪರೂಪವೇನಲ್ಲ. ಮಕ್ಕಳ ಎತ್ತರ ಕಮ್ಮಿ ಅಲ್ವಾ, ಹಾಗಾಗಿ ಗಾಯ ಮುಖ, ತಲೆ, ಕುತ್ತಿಗೆಗೇ ಆಗುವುದು ಜಾಸ್ತಿ.

ಗುರ್ ಅನ್ನುವುದಕ್ಕೂ ಮುಂಚೆ ಅವನು ಇನ್ನೂ ಏನೇನೋ ಹೇಳಿರುತ್ತಾನೆ, ಗಮನಿಸಿ ನೋಡಿ. ಮುಖ ಪಕ್ಕಕ್ಕೆ ತಿರುಗಿಸುತ್ತಾನೆ. ತಿಂಡಿ ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತಾನೆ, ನಿದ್ದೆ ಇಲ್ಲದೆ ಆಕಳಿಸುತ್ತಾನೆ. ತಲೆ ಆ ಕಡೆ, ನೋಟ ಈ ಕಡೆ ಇಟ್ಟು ಕಣ್ಣಿನ ಬಿಳಿ ತೋರಿಸುತ್ತಾನೆ. ತಿನ್ನುವುದನ್ನು ಥಟ್ಟನೆ ನಿಲ್ಲಿಸಿ, ಬಟ್ಟಲ ಮೇಲೆ ತಲೆ ತಗ್ಗಿಸಿಕೊಂಡು, ಮೈ ಒಂಚೂರೂ ಅಲುಗಾಡದೆ ನಿಂತುಬಿಟ್ಟರೆ ಗುರ್ ಅನ್ನುವವರೆಗೆ ಕಾಯಬೇಡಿ, ಆಗಲೇ ಮಗುವನ್ನು ಎತ್ತಿ. ಬಾಲ ಅಲ್ಲಾಡುತ್ತಿದೆ ಅಂತ ಧೈರ್ಯ ತಂದುಕೊಳ್ಳುವುದೂ ಬೇಡ. ಖುಷಿಯಾದ ನಾಯಿ ಸೊಂಟದ ಸಮೇತ ಸಡಿಲವಾಗಿ ಅಲ್ಲಾಡುತ್ತದೆ. ಬಾಲ ಮಾತ್ರ ಸೆಟೆದು ಮೇಲೆ ನಿಂತು ಬಿರುಸಾಗಿ ಅಲ್ಲಾಡುತ್ತಿದ್ದರೆ ಅದು ಖುಷಿಯಲ್ಲ.

ಗಟ್ಟಿಮಾತು:
ಇಷ್ಟೆಲ್ಲ ನಾಜೂಕು ಬೇಕಾ? ನಮ್ಮ ಅಪ್ಪ ನಾಯಿ ತಿನ್ನುವಾಗ ಬಟ್ಟಲಿಗೆ ಕೈ ಹಾಕಿ ಎತ್ತಿಕೊಳ್ಳುತ್ತಿದ್ದರು. ಮನೆಯ ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು.

ಕರಿಮೂತಿ:
ನಿಮ್ಮ ಊಟದ ಮಧ್ಯೆ ಯಾರಾದರೂ ತಟ್ಟೆ ಎತ್ತಿಕೊಂಡು ಹೋದರೆ, ಮುಂದಿನ ಸಲ ಅವರನ್ನು ಕಂಡ ತಕ್ಷಣ ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುವುದಿಲ್ಲವೇ? ನಾಯಿಯೂ ಅದನ್ನೇ ಕಲಿಯುತ್ತದೆ. ನಿಮ್ಮ ಅಪ್ಪನಿಗೆ ಹೆದರಿ ಸುಮ್ಮನಿದ್ದ ನಾಯಿ ಒಂಬತ್ತು ತಿಂಗಳ ಮಗುವಿಗೂ ಹೆದರುತ್ತದೆ ಅಂತ ಏನೂ ಇಲ್ಲ.

ಅಂಬೆಗಾಲು ಅವರೇ, ಊಟಕ್ಕೆ ಸುಲಭದ ದಾರಿ ಅಂದರೆ ಬಾಗಿಲು ಹಾಕಿದ ಕೋಣೆಯಲ್ಲಿ ಹಾಕಿ, ಮುಗಿದ ಮೇಲೆ ಅವನನ್ನು ಹೊರಗೆ ಕರೆದು ಬಟ್ಟಲು ಎತ್ತಿಡಿ. ಮಗು ಬೇರೆ ಕಡೆ ಇದ್ದಾಗ ನೀವು ದೊಡ್ಡವರು ಇನ್ನೊಂದು ಕೆಲಸ ಮಾಡಬಹುದು. ಅವನು ಆರಾಮಾಗಿ ತಿನ್ನುತ್ತಿರುವಷ್ಟು ದೂರದಲ್ಲಿ ಹಾದುಹೋಗಿ, ಬಟ್ಟಲಲ್ಲಿರುವುದಕ್ಕಿಂತ ರುಚಿಯಾದ ತುಣುಕೊಂದನ್ನು ಅವನ ಕಡೆ ಎಸೆದು, ನಿಲ್ಲದೆ ಮುಂದೆ ಹೋಗಿ. ದಿನ ಕಳೆದ ಹಾಗೆ ನಿಮ್ಮ ಕಾಲ ಸಪ್ಪಳಕ್ಕೆ ತಲೆಯೆತ್ತಿ "ಏನು ತಂದ್ರಿ?" ಅನ್ನುವ ಹಾಗೆ ನೋಡಲು ಶುರು ಮಾಡುತ್ತಾನೆ. ಆಮೇಲಷ್ಟೇ ಹತ್ತಿರ ಹೋಗಿ. ಇದನ್ನು ಮಗುವಿನ ಕೈಯಲ್ಲಿ ಯಾವತ್ತೂ ಮಾಡಿಸಬೇಡಿ, ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಬೇಡ.

ಮೂರು ನಾಯಿ ಒಂದು ಬೆಕ್ಕು:
ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಅದಕ್ಕೂ ಮುಂಚೆ ಒಂದು ಸಲ ವೆಟ್ ಹತ್ತಿರ ಹೋಗಿ ಬನ್ನಿ. ಐದು ವರ್ಷ ಸಾಧುವಾಗಿದ್ದ ನಾಯಿಯ ಸ್ವಭಾವ ಬದಲಾದರೆ ನಾನು ಮೊದಲು ನೋವು ಇದೆಯಾ ಅಂತ ನೋಡುತ್ತೇನೆ. ನಮ್ಮ ದೊಡ್ಡ ಹೆಣ್ಣು ನಾಯಿ ಮಕ್ಕಳು ಬೆನ್ನ ಹಿಂದಿನಿಂದ ಬಂದರೆ ಮಾತ್ರ ಗುರ್ ಅನ್ನುತ್ತಿತ್ತು, ಮುಂದಿನಿಂದ ಬಂದರೆ ಏನೂ ಇಲ್ಲ. ನೆಲದಿಂದ ಏಳುವಾಗ ಮುಂಗಾಲಿನ ಮೇಲೇ ಭಾರ ಹಾಕಿ, ಹಿಂಭಾಗವನ್ನು ಎಳೆದುಕೊಂಡು ಏಳುತ್ತಿತ್ತು. ಸೊಂಟದ ಕೀಲು ಸವೆದಿದೆ ಅಂತ ಎಕ್ಸ್-ರೇಯಲ್ಲಿ ಗೊತ್ತಾಯಿತು. ಔಷಧಿ ಶುರುವಾಗಿ, ತೂಕ ಇಳಿದ ಮೇಲೆ ಅರ್ಧಕ್ಕರ್ಧ ಗಲಾಟೆ ನಿಂತಿತು. ಕಿವಿ, ಹಲ್ಲು, ಕೀಲು ಮೂರನ್ನೂ ನೋಡಲು ಹೇಳಿ. ಮತ್ತೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಟ್ಟು ನೋಡೋಣ ಅಂತ ಹೊರಡಬೇಡಿ, ನಾಯಿಗೆ ಅವು ವಿಷ.

ಅಂಬೆಗಾಲು:
ನೀವು ಹೇಳಿದ ಮೇಲೆ ನೆನಪಾಯಿತು, ಅವನು ಈಚೆಗೆ ತಲೆ ಕೊಡವುವುದು ಜಾಸ್ತಿಯಾಗಿದೆ, ಬಲಗಿವಿ ಕೆರೆದುಕೊಳ್ಳುತ್ತಲೇ ಇರುತ್ತಾನೆ. ಇನ್ನೊಂದು ಕೇಳಬೇಕಿತ್ತು. ಬಾಗಿಲಿಗೆ ಅಡ್ಡ ಗೇಟ್ ಹಾಕಿಸಿದ್ದೇವೆ, ಆದರೆ ಅದರ ಹಿಂದೆ ನಿಂತು ಅಳುತ್ತಾನೆ, ನನಗೆ ನೋಡಲಾಗುವುದಿಲ್ಲ.

ಮೂರು ನಾಯಿ ಒಂದು ಬೆಕ್ಕು:
ಕಿವಿ ಎತ್ತಿ ಒಳಗೆ ನೋಡಿ. ಕೆಂಪಾಗಿದೆಯಾ, ಕಂದು ಬಣ್ಣದ ಗೊಜ್ಜು ಇದೆಯಾ, ಕೆಟ್ಟ ವಾಸನೆ ಬರುತ್ತಿದೆಯಾ? ಏನೇ ಇದ್ದರೂ ಹತ್ತಿಕಡ್ಡಿ ಹಾಕಿ ಕೆದಕಬೇಡಿ, ಡಾಕ್ಟರಿಗೆ ತೋರಿಸಿ. ಕಿವಿ ಸೋಂಕಿನ ನೋವು ಸಾಮಾನ್ಯದ್ದಲ್ಲ. ಆ ಕಿವಿಯನ್ನು ಮಗು ಒಂದು ಸಲ ಹಿಡಿದೆಳೆದಿದ್ದರೂ ಸಾಕು, ಅವನು ಮರೆಯುವುದಿಲ್ಲ.

ಗೇಟ್ ಅವನಿಗೆ ಶಿಕ್ಷೆ ಅನ್ನಿಸಬಾರದು. ಶುರುವಿನಲ್ಲಿ ನೀವೂ ಅದೇ ಗೇಟ್ ಪಕ್ಕ ಕುಳಿತುಕೊಳ್ಳಿ, ಅವನಿಗೆ ನೆಕ್ಕಲೋ ಅಗಿಯಲೋ ಏನಾದರೂ ಕೊಡಿ, ಅಳು ಶುರುವಾಗುವ ಮುಂಚೆಯೇ ಗೇಟ್ ತೆಗೆದುಬಿಡಿ. ಹೊತ್ತನ್ನು ಸ್ವಲ್ಪ ಸ್ವಲ್ಪ ಬೆಳೆಸಿ. ಮಗು ಎದ್ದಿರುವಾಗ ಅವನು ಗೇಟಿನ ಹಿಂದೆ, ಮಗು ಮಲಗಿದಾಗ ಮಾತ್ರ ಮುದ್ದು ಅಂತ ಮಾಡಿದರೆ ಮಗು ಏಳುವುದೇ ಅವನಿಗೆ ಬೇಸರದ ಸುದ್ದಿ ಆಗಿಬಿಡುತ್ತದೆ. ಮಗು ಎದ್ದಿರುವಾಗಲೇ ಗೇಟಿನ ಆಚೆ ಅವನಿಗೆ ಒಳ್ಳೆಯದೆಲ್ಲ ಸಿಗಲಿ. ದೊಡ್ಡ ನಾಯಿಗೂ ದಿನಕ್ಕೆ 12-14 ಗಂಟೆ ನಿದ್ದೆ ಬೇಕು, ಮಗು ಇರುವ ಮನೆಯಲ್ಲಿ ಅದು ಸಿಗುವುದೇ ಇಲ್ಲ ಪಾಪ. ಅವನ ಹಾಸಿಗೆ ಇರುವ ಜಾಗಕ್ಕೆ ಮಗು ಹೋಗಲೇ ಆಗದ ಹಾಗೆ ಮಾಡಿ.

ಉಣ್ಣೆ ಹೆಕ್ಕುವವನು:
ಆರೋಗ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಜಂತುಹುಳುವಿನ ಔಷಧಿ ಮೂರು ತಿಂಗಳಿಗೊಮ್ಮೆ ತಪ್ಪಿಸಬೇಡಿ, ಮಗು ನೆಲದಲ್ಲಿರುವುದನ್ನೆಲ್ಲ ಬಾಯಿಗೆ ಹಾಕುವ ಕಾಲ ಇದು. ಅವನ ಕಕ್ಕ ಅಂಗಳದಲ್ಲಿ ಬಿಡದೆ ಆಗಿಂದಾಗ ಎತ್ತಿ ಹಾಕಿ. ದುಂಡು ಹುಳದ ಮೊಟ್ಟೆಗೆ ಸೋಂಕು ತಗುಲಿಸುವ ಶಕ್ತಿ ಬರಲು ಮಣ್ಣಿನಲ್ಲಿ ಕೆಲವು ವಾರ ಬೇಕು, ಅಷ್ಟರೊಳಗೆ ತೆಗೆದರೆ ಮುಗಿಯಿತು.

ಉಣ್ಣೆ ಸಿಕ್ಕರೆ ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ಹಿಡಿಯುವುದು ಮಾಡಬೇಡಿ. ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ. ಆಮೇಲೆ ನಾಯಿ ಮಂಕಾಗಿ, ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ಅವತ್ತೇ ತೋರಿಸಿ. ಉಣ್ಣೆ ಜ್ವರ ಬೇಗ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಔಷಧಿಯಲ್ಲಿ ಹೋಗುತ್ತದೆ.

ಮಗು ಕೂತು ತಿನ್ನುವ ಕುರ್ಚಿಯ ಕೆಳಗೆ ನಾಯಿ ಕಾಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಬಿದ್ದದ್ದರಲ್ಲಿ ಒಣದ್ರಾಕ್ಷಿ, ಚಾಕಲೇಟು, ಈರುಳ್ಳಿ ಇದ್ದರೆ ಅಪಾಯ. ದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ಕೆಡಿಸುತ್ತದೆ, ಸ್ವಲ್ಪ ತಾನೇ ಅಂತ ಬಿಡಬೇಡಿ.

ಇನ್ನು, ಹಲ್ಲು ಸ್ವಲ್ಪ ತಾಗಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾಯಿಗೆ ಲಸಿಕೆ ಆಗಿದೆ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ನಾಯಿಯ ಲಸಿಕೆ ಚೀಟಿ ಸುಲಭಕ್ಕೆ ಸಿಗುವ ಕಡೆ ಇಟ್ಟಿರಿ, ಡಾಕ್ಟರು ಕೇಳೇ ಕೇಳುತ್ತಾರೆ.

ಹಿತ್ತಲ ಬಾಗಿಲು:
ಅತ್ತೆ ಹೇಳಿದ್ದನ್ನು ಎಲ್ಲರೂ ತಳ್ಳಿಹಾಕಿದ ಹಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಕೊಡುವುದು ಯಾವಾಗಲೂ ತಪ್ಪಲ್ಲ. ಮಗು ಎಲ್ಲೇ ಇದ್ದರೂ ನಾಯಿ ಕಣ್ಣು ಕೀಳದೆ ದಿಟ್ಟಿಸುತ್ತಿದ್ದರೆ, ಎದ್ದು ಬಂದು ಮಗುವಿನ ಮೇಲೆ ಎರಗುತ್ತಿದ್ದರೆ, ಅಥವಾ ಮನೆಯಲ್ಲಿ ಗೇಟ್ ಸರಿಯಾಗಿ ಹಾಕುವವರೇ ಇಲ್ಲದಿದ್ದರೆ, ಮಕ್ಕಳಿಲ್ಲದ ಮನೆಗೆ ವಿಷಯ ಮುಚ್ಚಿಡದೆ ಹೇಳಿ ಕೊಡುವುದೇ ಒಳ್ಳೆಯದು. ನಿಮ್ಮದು ಆ ಮಟ್ಟಕ್ಕೆ ಹೋಗಿಲ್ಲ ಅನ್ನಿಸುತ್ತದೆ. ನಿಮ್ಮ ನಾಯಿ ತನ್ನ ಜಾಗ, ತನ್ನ ಊಟದ ಬಗ್ಗೆ ಮಾತ್ರ ತಕರಾರು ಮಾಡುತ್ತಿದೆ, ಹುಡುಕಿಕೊಂಡು ಬರುತ್ತಿಲ್ಲ.

ಅತ್ತೆಗೆ ಒಂದು ಕೆಲಸ ಒಪ್ಪಿಸಿ. ನೀವು ಒಳಗೆ ಹೋಗುವಾಗ "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ, ಎಲ್ಲರೂ ಮೊಬೈಲ್ ನೋಡುತ್ತಿರುತ್ತಾರೆ. ಈಗ ಮಗು ನಿಮ್ಮ ಜವಾಬ್ದಾರಿ ಅಂತ ಬಾಯಿಬಿಟ್ಟು ಹೇಳಿ. ಹಾಗೆ ನೋಡಿಕೊಳ್ಳುವವರು ಇಲ್ಲದ ಹೊತ್ತಿನಲ್ಲಿ, ಬಾತ್‌ರೂಮಿಗೆ ಹೋಗಿಬರುವಷ್ಟು ಹೊತ್ತಾದರೂ ಸರಿ, ಇಬ್ಬರ ಮಧ್ಯೆ ಗೇಟ್ ಇರಲಿ.

ಅಂಬೆಗಾಲು:
ನಾಳೆ ಬೆಳಿಗ್ಗೆ ಕಿವಿ ತೋರಿಸುತ್ತಿದ್ದೇವೆ. ಯಜಮಾನರಿಗೂ ಇದನ್ನೆಲ್ಲ ಓದಿಸಿದೆ, "ಹಾಗಾದ್ರೆ ಗುರ್ ಅಂದ್ರೆ ಥ್ಯಾಂಕ್ಸ್ ಹೇಳ್ಬೇಕಾ" ಅಂತ ನಕ್ಕರು. ಭಾನುವಾರ ನಾದಿನಿಯ ಮಕ್ಕಳು ಬರುತ್ತಾರೆ, ಆರು ಮತ್ತು ಎಂಟು ವರ್ಷ. ಅವತ್ತು ಏನು ಮಾಡಲಿ?

ಕರಿಮೂತಿ:
ಕಿವಿ ನೋಯುತ್ತಿರುವಾಗ ಅವತ್ತು ಅವನು ಕೋಣೆಯಲ್ಲೇ ಇರಲಿ, ಬಾಗಿಲಿಗೆ ಚಿಲಕ ಹಾಕಿ. ಗುಣವಾದ ಮೇಲೆ ಆ ವಯಸ್ಸಿನ ಮಕ್ಕಳಿಗೆ ಹೇಳಿಕೊಡಬಹುದು. ತಿನ್ನುವಾಗ, ಮಲಗಿದಾಗ ಮುಟ್ಟಬಾರದು, ತಬ್ಬಿಕೊಳ್ಳಬಾರದು, ಮುಖದ ಹತ್ತಿರ ಮುಖ ತರಬಾರದು. ನಾಯಿ ಮೈಮೇಲೆ ಹಾರಿದರೆ ಓಡಬಾರದು, ಕೈ ಕಟ್ಟಿ ಸುಮ್ನೆ ಕಂಬದ ಹಾಗೆ ನಿಲ್ಲಬೇಕು. ಮುದ್ದು ಮಾಡಬೇಕಾದರೆ ನಾಯಿಯೇ ಹತ್ತಿರ ಬರಲಿ, ಎದೆಯ ಪಕ್ಕ ಮೂರು ಸೆಕೆಂಡು ಸವರಿ ಕೈ ತೆಗೆಯಲಿ. ಇನ್ನೂ ಬೇಕಿದ್ದರೆ ಮೂತಿಯಿಂದ ಕೈ ನೂಕುತ್ತಾನೆ, ಬೇಡದಿದ್ದರೆ ಎದ್ದು ಹೋಗುತ್ತಾನೆ, ಹೋದರೆ ಹಿಂದೆ ಹೋಗಬಾರದು. ಆರು ವರ್ಷದವರು ಇದನ್ನು ಐದು ನಿಮಿಷದಲ್ಲಿ ಮರೆಯುತ್ತಾರೆ, ಹಾಗಾಗಿ ನೀವು ಪಕ್ಕದಲ್ಲೇ ಕೂತಿರಬೇಕು.