ಕ್ಯಾಮೆರಾ ಮೇಡಂ ಅವರನ್ನು ಕೇಳಿ: ಈ ವಾರ ಅಲ್ಫೊನ್ಸೊ ಕ್ವಾರೋನ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷದಿಂದ ಕ್ಯಾಮೆರಾ ಕೆಲಸ ಮಾಡ್ತಿರುವ ನಮ್ಮ ಮೇಡಂ ಈ ರಾತ್ರಿ ಮೆಕ್ಸಿಕೋದ ನಿರ್ದೇಶಕ, ಚಿತ್ರಕಥೆಗಾರ ಕ್ವಾರೋನ್ ಬಗ್ಗೆ ಉತ್ತರ ಕೊಡುತ್ತಾರೆ. ಜೂನ್ ಮಳೆಗೆ ಕರೆಂಟ್ ಹೋಗೋ ಮುಂಚೆ ಕೇಳಿಬಿಡಿ.

ಹುಬ್ಬಳ್ಳಿ ಮಂದಿ: ಮೇಡಂ, ಇವರು ಸಿನಿಮಾಕ್ಕೆ ಬಂದದ್ದು ಹೇಗೆ?

ಮೇಡಂ: ಹುಟ್ಟಿದ್ದು 1961ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಸಿನಿಮಾ ಶಾಲೆ ಸೇರಿದರು, ಪದವಿ ಮುಗಿಸಲಿಲ್ಲ. ಛಾಯಾಗ್ರಾಹಕ ಲುಬೆಜ್ಕಿ ಗೆಳೆಯರಾದದ್ದು ಅಲ್ಲೇ. ಟೀವಿ ಕೆಲಸ, ಸಹಾಯಕನ ಕೆಲಸ ಎಲ್ಲ ಮಾಡಿ 1991ರಲ್ಲಿ ಮೊದಲ ಸಿನಿಮಾ. ಆಮೇಲೆ ಹಾಲಿವುಡ್. 2001ರಲ್ಲಿ ಊರಿಗೆ ಮರಳಿ, ತಮ್ಮನಾದ ಕಾರ್ಲೋಸ್ ಜೊತೆ ಬರೆದು 'ಇ ತು ಮಾಮಾ ತಂಬಿಯೆನ್' ತೆಗೆದರು. ಆ ಚಿತ್ರಕಥೆ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು.

ಸಿನಿಮಾ ಹುಚ್ಚ: ಯಾವುದರಿಂದ ನೋಡಲು ಶುರು ಮಾಡಲಿ?

ಮೇಡಂ: 'ರೋಮಾ', 2018. ನೆಟ್‌ಫ್ಲಿಕ್ಸ್‌ನಲ್ಲಿದೆ.

ಫಾರ್ವರ್ಡ್ ಮಿತ್ರ: ಬಂದ ಮೆಸೇಜ್ ಹಾಕ್ತಿದ್ದೇನೆ. "ಲಾಂಗ್ ಟೇಕ್ ಗುಟ್ಟು: 'ಚಿಲ್ಡ್ರನ್ ಆಫ್ ಮೆನ್' ಕಾರಿನ ದೃಶ್ಯ ಒಂದೇ ಟೇಕ್. ಕಟ್ ಮಾಡಬೇಡಿ, ನಟನೆ ತಾನಾಗಿ ಬರುತ್ತದೆ."

ಮೇಡಂ: ತಪ್ಪು. ಬೇರೆ ಬೇರೆ ಜಾಗದಲ್ಲಿ ತೆಗೆದ ತುಂಡುಗಳನ್ನು ಹೊಲಿಗೆ ಕಾಣದ ಹಾಗೆ ಕಂಪ್ಯೂಟರಲ್ಲಿ ಜೋಡಿಸಿದ್ದಾರೆ. ಅದಕ್ಕಾಗಿ ಕಾರನ್ನೇ ಬಿಚ್ಚಿ ಹೊಸದಾಗಿ ಕಟ್ಟಿದ್ದರು. ಇಂಥ ಮೆಸೇಜ್ ನಂಬಿ ಹುಡುಗರು ಓಡುವ ಕಾರಿನ ಕಿಟಕಿಯಿಂದ ಹೊರಗೆ ನೇತಾಡ್ತಾರೆ. ದಯವಿಟ್ಟು ಕಳಿಸಬೇಡಿ.

ಕಡಲ ಹುಡುಗ: ಮೇಡಂ, 'ರೋಮಾ' ಕೊನೆಯ ಸಮುದ್ರದ ದೃಶ್ಯದ ಥರ ಈ ಭಾನುವಾರ ಮಲ್ಪೆ ಹತ್ತಿರ ಶಾರ್ಟ್ ಫಿಲಂ ತೆಗೀತಿದ್ದೇವೆ. ಚಿಕ್ಕಪ್ಪನ ಮಗಳು ನಟಿಸ್ತಾಳೆ. ಅವಳಿಗೆ ಈಜು ಬರಲ್ಲ. 'ರೋಮಾ' ನಾಯಕಿ ಯಲಿಟ್ಸಾ ಅಪಾರಿಸಿಯೋಗೂ ಬರ್ತಿರಲಿಲ್ಲವಂತೆ, ಹಾಗಾಗಿ ಭಯ ಸಹಜವಾಗಿ ಬರುತ್ತೆ ಅಂತ. ಲೆನ್ಸ್ ಯಾವುದು ಹಾಕಲಿ?

ಮೇಡಂ: ಲೆನ್ಸ್ ಮಾತು ಬಿಡಿ. ಮೊದಲು ಇದನ್ನು ಪೂರ್ತಿ ಓದಿ.

ಅಪಾರಿಸಿಯೋಗೆ ಈಜು ಬರ್ತಿರಲಿಲ್ಲ, ನಿಜ. ಆದರೆ ಆ ದೃಶ್ಯಕ್ಕೆ ಮೆಕ್ಸಿಕೋದ ವೆರಾಕ್ರೂಜ್ ತೀರದಲ್ಲಿ ನೀರಿನೊಳಕ್ಕೆ ಉದ್ದ ಕಟ್ಟೆ ಕಟ್ಟಿ, ಅದರ ಮೇಲೆ ಕ್ರೇನ್ ಓಡಿಸಿದ್ದರು. ಆಮೇಲೆ ಕಂಪ್ಯೂಟರ್ ಕೆಲಸವೂ ಸೇರಿದೆ. ನಿಮ್ಮ ಹತ್ತಿರ ಏನಿದೆ? ಒಂದು ಕ್ಯಾಮೆರಾ, ನಾಲ್ಕು ಜನ ಗೆಳೆಯರು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯಲ್ಲ. ಅಂಥ ಕಡಲಿಗೆ ಆ ಹುಡುಗಿಯನ್ನು ಇಳಿಸ್ತೀರಾ?

ಇನ್ನೊಂದು ವಿಷಯ. ಆ ದೃಶ್ಯ ಎದೆಗೆ ತಾಕುವುದು ಅಲೆಯಿಂದಲ್ಲ. ಸಿನಿಮಾ ಶುರುವಾಗುವುದೇ ಮನೆ ಅಂಗಳದ ಹಾಸುಗಲ್ಲಿನ ಮೇಲೆ. ಮನೆಗೆಲಸದವಳು ಕ್ಲಿಯೋ (ಅಪಾರಿಸಿಯೋ ಮಾಡಿದ ಪಾತ್ರ) ನಾಯಿಯ ಹೊಲಸು ತೊಳೀತಾಳೆ. ಸೋಪಿನ ನೀರು ಅಲೆಯಂತೆ ಬಂದು ಹೋಗುತ್ತೆ, ಆ ನೀರಲ್ಲೇ ಆಕಾಶದ ವಿಮಾನ ಕಾಣುತ್ತೆ. ಎರಡು ಗಂಟೆ ಅವಳ ಕೆಲಸ, ಅವಳ ಮೌನ ನೋಡಿದ ಮೇಲೆ ಕಡಲು ಬರೋದು. ಕ್ವಾರೋನ್ ನಟರಿಗೆ ಪೂರ್ತಿ ಚಿತ್ರಕಥೆ ಕೊಡದೆ, ಕಥೆಯ ಕ್ರಮದಲ್ಲೇ ಶೂಟ್ ಮಾಡಿದರು. ಮುಖದ ಭಾವ ಅಲ್ಲಿಂದ ಬಂದದ್ದು. ನಿಮಗೂ ಒಂದು ಬಕೆಟ್ ನೀರು, ಒಂದು ಅಂಗಳ ಸಾಕು.

ಗೃಹಿಣಿ ಓದುಗಿ: ಆ ಕ್ಲಿಯೋ ನಿಜವಾದ ವ್ಯಕ್ತಿಯಾ?

ಮೇಡಂ: ಹೌದು. ಕ್ವಾರೋನ್‌ರನ್ನು ಸಾಕಿದ ಮನೆಗೆಲಸದ ಲಿಬೋ. ಸಿನಿಮಾ ಅರ್ಪಿಸಿದ್ದೂ ಆಕೆಗೇ.

ಎಡಗೈ ಬರಹಗಾರ: ಯಜಮಾನನ ಮಗ ಕೆಲಸದವಳ ಕಥೆ ಹೇಳಿದರೆ ಅವಳು ಹೀಗೆ ಬಾಯಿ ಮುಚ್ಚಿಕೊಂಡೇ ಇರ್ತಾಳೆ.

ಸಿನಿಮಾ ಹುಚ್ಚ: ಪೂರ್ತಿ ನೋಡಿದ್ದೀರಾ? ಅಡುಗೆಮನೆಯಲ್ಲಿ ಗೆಳತಿ ಜೊತೆ ಮಿಷ್ಟೆಕ್ ಎಂಬ ತಮ್ಮ ಆದಿವಾಸಿ ಭಾಷೆಯಲ್ಲಿ ಎಷ್ಟು ಮಾತಾಡ್ತಾಳೆ!

ಎಡಗೈ ಬರಹಗಾರ: ಯಜಮಾನಿ ಎದುರು ಆಡ್ತಾಳಾ? ನಿಮ್ಮ ಮನೆ ಕೆಲಸದವರ ಪೂರ್ತಿ ಹೆಸರು ಗೊತ್ತಾ ನಿಮಗೆ?

ಸಿನಿಮಾ ಹುಚ್ಚ: ವೈಯಕ್ತಿಕ ಮಾತು ಬೇಡ.

ಗೃಹಿಣಿ ಓದುಗಿ: ಕೇಳಿದ್ದರಲ್ಲಿ ತಪ್ಪೇನಿದೆ? ನನಗೂ ಗೊತ್ತಿಲ್ಲ. ನಾಳೆ ಕೇಳ್ತೀನಿ.

ಮೇಡಂ: ಇಬ್ಬರ ಮಾತಲ್ಲೂ ಹುರುಳಿದೆ. ಆದರೆ 2018ರ ಡಿಸೆಂಬರ್‌ನಲ್ಲಿ, ಆ ಸಿನಿಮಾ ಬಂದ ಹೊತ್ತಲ್ಲೇ, ಮನೆಗೆಲಸದವರನ್ನು ಸಾಮಾಜಿಕ ಭದ್ರತೆಯಿಂದ ಹೊರಗಿಡೋದು ಸಂವಿಧಾನಕ್ಕೆ ವಿರುದ್ಧ ಅಂತ ಮೆಕ್ಸಿಕೋದ ಸುಪ್ರೀಂ ಕೋರ್ಟ್ ಹೇಳಿತು. ತೀರ್ಪು ತಂದದ್ದು ಸಿನಿಮಾ ಅಲ್ಲ. ಆದರೆ ಜನ ಎರಡನ್ನೂ ಸೇರಿಸಿ ಮಾತಾಡಿದರು. ಇಲ್ಲಿಗೆ ನಿಲ್ಲಿಸಿ.

ಹುಬ್ಬಳ್ಳಿ ಮಂದಿ: 'ರೋಮಾ'ದ ಸ್ಪ್ಯಾನಿಷ್‌ಗೆ ಸ್ಪೇನ್‌ನಲ್ಲಿ ಸ್ಪ್ಯಾನಿಷ್ ಸಬ್‌ಟೈಟಲ್ ಹಾಕಿದ್ರಂತೆ?

ಮೇಡಂ: ಹಾಕಿದ್ದರು, ಅಲ್ಲಿನ ಶೈಲಿಗೆ ಪದಗಳನ್ನೇ ಬದಲಿಸಿ. ಕ್ವಾರೋನ್ ಸಿಟ್ಟಾದರು, 2019ರಲ್ಲಿ ತೆಗೆಸಿದರು. ನಿಮ್ಮ ಧಾರವಾಡ ಕಡೆ ಮಾತಿಗೆ ಬೆಂಗಳೂರಿನವರು ಕನ್ನಡ ಸಬ್‌ಟೈಟಲ್ ಹಾಕಿದರೆ ನಿಮಗೆ ಹೇಗಾಗುತ್ತೆ?

ಹೊಸ ಸದಸ್ಯ: ಯಾವುದರಿಂದ ನೋಡಲು ಶುರು ಮಾಡಲಿ?

ಮೇಡಂ: ಮೇಲೆ ಹೇಳಿದ್ದೇನೆ.

ಫಾರ್ವರ್ಡ್ ಮಿತ್ರ: "'ದಿ ಶೇಪ್ ಆಫ್ ವಾಟರ್' ಕ್ವಾರೋನ್ ಸಿನಿಮಾ. 'ಗ್ರ್ಯಾವಿಟಿ'ಯನ್ನು ಆಕಾಶದಲ್ಲೇ ತೆಗೆದರು."

ಮೇಡಂ: ಮೊದಲನೆಯದು ಗಿಲ್ಯೆರ್ಮೋ ದೆಲ್ ತೋರೋ ಅವರದ್ದು. ಎರಡನೆಯದನ್ನು ಸ್ಟುಡಿಯೋದಲ್ಲಿ ತೆಗೆದರು, ಸುತ್ತ ಎಲ್‌ಇಡಿ ದೀಪ ತುಂಬಿದ ಪೆಟ್ಟಿಗೆಯೊಳಗೆ ನಟರನ್ನು ಕೂರಿಸಿ. ಅದಕ್ಕೇ ಕ್ವಾರೋನ್‌ಗೆ ನಿರ್ದೇಶನದ ಮೊದಲ ಆಸ್ಕರ್ ಬಂದದ್ದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಹೊರಡ್ತೀನಿ.

ಹೊಸ ಸದಸ್ಯ: 'ಹ್ಯಾರಿ ಪಾಟರ್' ಮೂರನೇ ಭಾಗ ಅವರದ್ದೇ ಅಲ್ವಾ? ಯಾಕೆ ಅಷ್ಟು ಕತ್ತಲು?

ಎಡಗೈ ಬರಹಗಾರ: ನನ್ನ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ಸಿನಿಮಾ ಹುಚ್ಚ: ಅದು ಪ್ರಶ್ನೆ ಆಗಿರಲಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮೇಡಂ: ಕಡಲ ಹುಡುಗ, ಒಂದು ಗಂಟೆಯಿಂದ ನಿಮ್ಮ ಉತ್ತರ ಇಲ್ಲ. ಭಾನುವಾರದ ಶೂಟಿಂಗ್ ನಿಲ್ಲಿಸಿದಿರಾ?

ಕಡಲ ಹುಡುಗ: ತಂಗಿಗೆ ನಿಮ್ಮ ಮೆಸೇಜ್ ತೋರಿಸಿದೆ ಮೇಡಂ. "ನಾನು ಮೊದಲೇ ಹೇಳಿದ್ದೆ" ಅಂದಳು. ಅಂಗಳದಲ್ಲೇ ತೆಗೀತೀವಿ. ಈಗ ಲೆನ್ಸ್ ಹೇಳ್ತೀರಾ?

ಮೇಡಂ: ಹೇಳ್ತೀನಿ. ಅಂಗಳ ಎಷ್ಟು ಅಗಲ ಇದೆ?