‘ಕಲೆಕ್ಷನ್’ಗೆ ‘ರಾಶಿ’ ಹೊಂದುತ್ತದೆಯೆ?

ಮಾನ್ಯರೆ,

ಸಾಗರದಲ್ಲಿ ಬಿ.ಸಿ.ಎ. ವಿದ್ಯಾರ್ಥಿಗಳಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡದಲ್ಲಿ ವಿವರಿಸುವಾಗ, ಹಲವು ಆಬ್ಜೆಕ್ಟ್‌ಗಳನ್ನು (ಪ್ರೋಗ್ರಾಮಿನೊಳಗೆ ಮಾಹಿತಿಯನ್ನು ಹಿಡಿದಿಡುವ ಘಟಕಗಳನ್ನು) ಒಟ್ಟಾಗಿ ನಿರ್ವಹಿಸುವ ‘ಕಲೆಕ್ಷನ್’ ಎಂಬುದಕ್ಕೆ ನಾನು ಈವರೆಗೆ ‘ರಾಶಿ’ ಎನ್ನುತ್ತಿದ್ದೆ. ಅದನ್ನು ಬಿಡಲೇಬೇಕೆಂದು ಈಗ ಅನ್ನಿಸಿದೆ. ಬದಲಿಗೆ ಯಾವ ಪದ ಎಂಬುದೇ ನನ್ನ ಪ್ರಶ್ನೆ.

ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಅಡಿಕೆ ಮಂಡಿಯ ಲೆಕ್ಕಕ್ಕೆಂದು ಐವತ್ತು ಚೀಲಗಳ ತೂಕವನ್ನು ದಾಖಲಿಸುವ ಪ್ರೋಗ್ರಾಮ್ ಬರೆದಿದ್ದಳು. ಚೀಲವೆಂಬ ಆಬ್ಜೆಕ್ಟನ್ನು, ಹೊಸದನ್ನು ಸೃಷ್ಟಿಸುವ ‘ನ್ಯೂ’ ಬಳಸಿ, ಲೂಪಿನ (ಮತ್ತೆ ಮತ್ತೆ ನಡೆಯುವ ಸಾಲುಗಳ) ಹೊರಗೆ ಒಮ್ಮೆ ಮಾತ್ರ ಸೃಷ್ಟಿಸಿ, ಒಳಗೆ ಪ್ರತಿ ಸುತ್ತಿನಲ್ಲೂ ಅದರ ತೂಕವನ್ನು ಬದಲಿಸಿ ಅರೇಲಿಸ್ಟ್ ಎಂಬ ಒಂದು ಬಗೆಯ ಕಲೆಕ್ಷನ್ನಿಗೆ ಸೇರಿಸುತ್ತ ಹೋಗಿದ್ದರಿಂದ, ಐವತ್ತು ಸಾಲುಗಳಲ್ಲೂ ಕೊನೆಯ ಚೀಲದ 64 ಕೆ.ಜಿ.ಯೇ ಮೂಡಿತು. ‘ರಾಶಿಗೆ ಐವತ್ತು ಸಲ ಸುರಿದಿದ್ದೀನಲ್ಲ ಸರ್’ ಎಂದು ಅವಳು ಕೇಳಿದಾಗ, ತಪ್ಪು ನನ್ನ ಪದದಲ್ಲಿದೆ ಎಂದು ತಿಳಿಯಿತು. ಅಲ್ಲಿದ್ದ ಚೀಲ ಒಂದೇ, ಅದಕ್ಕೆ ಕಟ್ಟಿದ ಚೀಟಿಗಳು ಐವತ್ತು. ‘ನ್ಯೂ’ ಇರುವ ಸಾಲನ್ನು ಲೂಪಿನೊಳಕ್ಕೆ ತಂದ ಮೇಲೆ ಸುತ್ತಿಗೊಂದರಂತೆ ಐವತ್ತು ಬೇರೆ ಬೇರೆ ಚೀಲಗಳಾದವು.

ರಾಶಿ ಎಂದರೆ ವಸ್ತುವೇ ಅಲ್ಲಿಗೆ ಬಂದು ಬಿದ್ದಂತಾಗುತ್ತದೆ; ಆದರೆ ಅರೇಲಿಸ್ಟ್ ಇಟ್ಟುಕೊಳ್ಳುವುದು ವಸ್ತುವನ್ನಲ್ಲ, ಅದು ಎಲ್ಲಿದೆ ಎಂಬ ಗುರುತನ್ನು. ಸಾಲದ್ದಕ್ಕೆ ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬುವು ಅಡಿಕೆಯ ಬಗೆಗಳ ಹೆಸರುಗಳಾದ್ದರಿಂದ, ಬೆಟ್ಟೆಯ ಚೀಲವನ್ನು ‘ರಾಶಿಗೆ ಸೇರಿಸು’ ಎಂದರೆ ನಮ್ಮ ಮಕ್ಕಳಿಗೆ ಕಲಬೆರಕೆಯೆಂದೇ ಅರ್ಥವಾಗುತ್ತದೆ. ‘ಗೊನೆ’ಯನ್ನೂ ಯೋಚಿಸಿದೆ. ಒಂದು ಕಾಯಿ ಎರಡು ಗೊನೆಗಳಲ್ಲಿ ಇರಲಾರದು, ಒಂದು ಆಬ್ಜೆಕ್ಟ್ ಎರಡು ಕಲೆಕ್ಷನ್‌ಗಳಲ್ಲಿ ಇರಬಲ್ಲದು. ಈ ದೃಷ್ಟಿಯಿಂದ ‘ಪಟ್ಟಿ’ ಚೆನ್ನಾಗಿ ಒಪ್ಪುತ್ತದೆ: ಪಡಿತರದ ಪಟ್ಟಿಯಲ್ಲೂ ಮತದಾರರ ಪಟ್ಟಿಯಲ್ಲೂ ಹೆಸರಿದ್ದರೂ ವ್ಯಕ್ತಿ ಒಬ್ಬರೇ.

ಆದರೆ ಪಟ್ಟಿಯನ್ನು ‘ಲಿಸ್ಟ್’ಗಾಗಿ ಉಳಿಸಿಕೊಳ್ಳಬೇಕಾಗಿದೆ. 1998ರಲ್ಲಿ ಜಾವಾದ 1.2ನೇ ಆವೃತ್ತಿಯೊಂದಿಗೆ ಬಂದ ಕಲೆಕ್ಷನ್ಸ್ ಚೌಕಟ್ಟಿನಲ್ಲಿ, ಅನುಕ್ರಮವನ್ನು ಕಾಯುವ ಲಿಸ್ಟ್ ಅಲ್ಲದೆ, ಒಂದನ್ನೇ ಎರಡು ಸಲ ಸೇರಿಸಿಕೊಳ್ಳದ ಸೆಟ್ ಕೂಡ ಇದೆ. ಎರಡನ್ನೂ ಒಳಗೊಳ್ಳುವ ಮಾತು ಬೇಕು. ‘ಸಂಗ್ರಹ’ ಎಂದೊಡನೆ ಮತ್ತೆ ಗೋದಾಮು ಕಣ್ಣಮುಂದೆ ಬರುತ್ತದೆ. ಲೆಕ್ಕದ ಪುಸ್ತಕಕ್ಕೆ ಹಳಬರು ಬಳಸುವ ‘ವಹಿ’ ನನಗೆ ಹಿಡಿಸಿದೆ, ಏಕೆಂದರೆ ವಹಿಯಲ್ಲಿರುವುದು ನಮೂದು ಮಾತ್ರ, ಚೀಲ ಇರುವುದು ಮಂಡಿಯಲ್ಲಿ. ಅನುಕ್ರಮವಿಲ್ಲದ ಸೆಟ್ಟನ್ನೂ ವಹಿ ಎನ್ನಬಹುದೆ, ಇಲ್ಲವೆ ಬರೆದ ಸಾಲಿನ ಕ್ರಮ ಆ ಪದಕ್ಕೆ ಅಂಟಿಕೊಂಡೇ ಇದೆಯೆ? ನಿಮ್ಮ ಕಡೆಯ ಬಳಕೆಯನ್ನು ತಿಳಿಸಬೇಕಾಗಿ ಕೋರುತ್ತೇನೆ.