ಹಮಾಲಿಗೆ ಜರತಾರಿ ಪೇಟ

“ಅಲ್ಲಯ್ಯಾ, ಇದರ ಥ್ರೆಡ್ಡು ನಮ್ಮದೇ!” ಅಂದರು ರಾಯರು, ಕನ್ನಡಕ ಹಣೆಗೇರಿಸಿ, ಶೀನಿ ತನ್ನ ಕಂಪ್ಯೂಟರನ್ನು ನೀರು ಹರಿಸಿ ತಣ್ಣಗಿಡುವ ಕೊಳವೆಗಳಿಗೆಂದು ತರಿಸಿದ ಹೊಳೆಯುವ ಫಿಟಿಂಗನ್ನು ಬೆಳಕಿಗೆ ಹಿಡಿದು. ಜಲಮಂಡಳಿಯಿಂದ ರಿಟೈರಾದರೂ ಕೈ ಇನ್ನೂ ರಿಟೈರಾಗಿಲ್ಲ. “ಜಿ ಕಾಲು. ಬ್ರಿಟಿಷ್ ಪೈಪ್ ಥ್ರೆಡ್. ಇಂಚಿಗೆ 19 ಸುತ್ತು, ಹೊರ ಅಳತೆ 13 ಮಿಲಿಮೀಟರ್ ಚಿಲ್ಲರೆ.”

“ಕಾಲಿಂಚು ಅಂದ್ರೆ ಆರು ಚಿಲ್ಲರೆ ಅಲ್ವಾ ಸಾರ್?” ಅಂದ ಶೀನಿ.

“ಕಾಲಿಂಚು ಅನ್ನೋದು ಹಳೇ ಕಬ್ಬಿಣದ ಪೈಪಿನ ಒಳಗಿನ ಲೆಕ್ಕ. ಪೈಪು ಹೋಯ್ತು, ಹೆಸರು ಉಳೀತು. ಇದಕ್ಕೆ ಟೆಫ್ಲಾನ್ ಟೇಪು ಸುತ್ತಿಲ್ವೇ?”

“ಬೇಡ ಸಾರ್, ಬುಡದಲ್ಲಿ ಓ-ರಿಂಗ್ ಇದೆ, ರಬ್ಬರ್ ಬಳೆ. ಕೈಯಲ್ಲಿ ತಿರುಗಿಸಿದ್ರೆ ಸಾಕು. ಸ್ಪ್ಯಾನರ್ ಹಾಕಿ ಬಿಗಿದ್ರೆ ಅಕ್ರಿಲಿಕ್ ಸೀಳುತ್ತೆ.”

“ಎಷ್ಟಯ್ಯಾ?”

“ಒಂದಕ್ಕೆ ಆರುನೂರು ಚಿಲ್ಲರೆ. ಹನ್ನೆರಡು ಬೇಕು.”

ರಾಯರು ಫಿಟಿಂಗನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟರು.

ಇಷ್ಟು ಹೊತ್ತೂ ಚಕ್ಕುಲಿ ಮುರಿಯುತ್ತಾ ಕೂತಿದ್ದ ನಾಣಿ ಬಾಯಿಬಿಟ್ಟ. “ಆರುನೂರು ಕೊಟ್ರೆ ಎಸ್.ಪಿ. ರೋಡಲ್ಲಿ ಹಮಾಲಿ ಇಡೀ ಕ್ಯಾಬಿನೆಟ್ಟು ಹೊತ್ಕೊಂಡು ಆಟೋ ತನಕ ಬರ್ತಾನೆ, ಮೇಲೆ ಚಿಲ್ಲರೆನೂ ವಾಪಸ್ ಕೊಡ್ತಾನೆ. ಇಲ್ಲಿ ನೀರು ಮಾಡೋದೂ ಹಮಾಲಿ ಕೆಲಸವೇ ಕಣೋ. ನೀರು ಏನನ್ನೂ ತಣ್ಣಗೆ ಮಾಡಲ್ಲ. ಪ್ರೊಸೆಸರ್ ಹತ್ರ ಬಿಸಿ ಹೊತ್ಕೊಳ್ಳುತ್ತೆ, ರೇಡಿಯೇಟರ್ ಹತ್ರ ಇಳಿಸುತ್ತೆ. ಅದಕ್ಕೆ ನೀನು ಗಾಜಿನ ರಸ್ತೆ, ಬಣ್ಣದ ದೀಪ, ಜರತಾರಿ ಪೇಟ.”

“ಗಾಜಲ್ಲ, ಪಿಇಟಿಜಿ.”

“ಅದಂತೂ ಇನ್ನೂ ಚಂದ. 60 ಡಿಗ್ರಿ ದಾಟಿದ್ರೆ ಮೆತ್ತಗಾಗೋ ಪ್ಲಾಸ್ಟಿಕ್ಕು. ಪಂಪು ನಿಂತ ದಿನ ಹಮಾಲಿ ಅಲ್ಲ, ರಸ್ತೆನೇ ಮಲಗುತ್ತೆ. ಕಪ್ಪು ಇಪಿಡಿಎಂ ರಬ್ಬರ್ ಕೊಳವೆ ಹಾಕು ಅಂದೆ. ಬಾಗಿಸೋದು ಬೇಡ, ಬಿಸಿ ಮಾಡೋದು ಬೇಡ, ಕತ್ತರಿಸಿ ಸಿಗಿಸಿದ್ರೆ ಮುಗೀತು.”

“ಕಪ್ಪು ಕೊಳವೆಲಿ ನೀರು ಕಾಣಲ್ವಲ್ಲೋ.”

“ನಿನ್ನ ಮೈಯಲ್ಲಿ ರಕ್ತ ಕಾಣುತ್ತಾ?”

ಕಾಫಿ ತಂದ ಸುಮಾ, “ನೀರು ನೋಡಬೇಕು ಅಂದ್ರೆ ನಮ್ಮನೆ ಸಂಪು ನೋಡ್ಲಿ ನಾಣಣ್ಣ, ತಳ ಕಾಣ್ತಾ ಇದೆ,” ಅಂದಳು. “ನಾವು ಟ್ಯಾಂಕರ್ ನೀರು ಕುಡೀತೀವಿ. ಅದಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರ್, ಐದು ಲೀಟರ್ ಕ್ಯಾನು.”

“ಬೋರ್‌ವೆಲ್ ನೀರು ಹಾಕೋ ಹಾಗಿಲ್ಲ ಸುಮಾ,” ನಾಣಿ ಒಪ್ಪಿಕೊಂಡ. “ನಮ್ಮ ಬಕೆಟ್ಟಿನ ಬಿಳಿ ಪೊರೆ ನೋಡಿದೀಯಲ್ಲ? ಪ್ರೊಸೆಸರ್ ಮೇಲೆ ಕೂತು ಬಿಸಿನ ನೀರಿಗೆ ದಾಟಿಸೋ ಬ್ಲಾಕಿನ ತಾಮ್ರದಲ್ಲಿರೋ ಸಂದುಗಳು ಅರ್ಧ ಮಿಲಿಮೀಟರೂ ಇಲ್ಲ. ಆ ಪೊರೆ ಅಲ್ಲಿ ಕಟ್ಟಿದ್ರೆ ಮುಗೀತು. ಬರೀ ಡಿಸ್ಟಿಲ್ಡ್ ನೀರೂ ಸಾಲದು, ಪಾಚಿ ಕಟ್ಟದ ಹಾಗೆ, ತುಕ್ಕು ಹಿಡಿಯದ ಹಾಗೆ ಔಷಧಿ ಬೆರೆಸಬೇಕು. ನೀರು ಸುತ್ತೋ ಈ ಲೂಪಿಗೆ ಹಿಡಿಯೋದು ಸುಮಾರು ಒಂದು ಲೀಟರ್. ಮಿಕ್ಕಿದ್ದೆಲ್ಲ ರೇಡಿಯೇಟರ್ ತೊಳೆಯೋಕೆ. ಹೊಸ ರೇಡಿಯೇಟರಿನ ಒಳಗೆ ಬೆಸುಗೆ ಹಾಕಿದಾಗಿನ ಫ್ಲಕ್ಸು ಉಳಿದಿರುತ್ತೆ, ಬಿಸಿ ನೀರು ತುಂಬಿ ಕುಲುಕಿ ಚೆಲ್ಲಬೇಕು, ಕಸ ಬೀಳೋದು ನಿಲ್ಲೋ ತನಕ. ಇವನು ತೊಳೆದಿದಾನೋ ಇಲ್ವೋ ಕೇಳು.”

ಶೀನಿ ಕಾಫಿ ಲೋಟದೊಳಗೆ ನೋಡಿದ.

“2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ದಂಡ ಅಂತ ನಮ್ಮ ಮಂಡಳಿಯವರು ಹಾಕಿದ್ರು,” ರಾಯರು ನೆನಪಿಸಿಕೊಂಡರು. “ಕಂಪ್ಯೂಟರ್ ತೊಳೆದ್ರೆ ಎಷ್ಟು ಅಂತ ಸುತ್ತೋಲೆಯಲ್ಲಿ ಇರ್ಲಿಲ್ಲ.”

“ಅಷ್ಟಾದ ಮೇಲೆ ಇವನು ಬಿಳಿ ಹಾಲಿನ ಬಣ್ಣದ ಕೂಲೆಂಟ್ ತರಿಸಿದಾನೆ,” ನಾಣಿ ಬಿಡಲಿಲ್ಲ. “ಆ ಬಣ್ಣ ಅಂದ್ರೆ ನೀರಲ್ಲಿ ತೇಲೋ ಸಣ್ಣ ಕಣ. ನಾಲ್ಕಾರು ತಿಂಗಳಿಗೆ ಅದೇ ಸಂದಿನಲ್ಲಿ ಕೆಸರಾಗಿ ಕೂರುತ್ತೆ. ಹಮಾಲಿ ಮುಖಕ್ಕೆ ಪೌಡರ್ ಹಚ್ಚಿದೆ, ಅದು ಬೆವರಿನ ಜೊತೆ ಇಳಿದು ಚರಂಡಿ ಕಟ್ತು.”

“ತಾಪಮಾನ ಇಳಿಯುತ್ತಲ್ಲೋ! ನನ್ನ ಪ್ರೊಸೆಸರ್ 253 ವ್ಯಾಟು, ಗ್ರಾಫಿಕ್ಸ್ ಕಾರ್ಡು 450. ಎರಡೂ ಸೇರಿ 700. ಪ್ರತಿ 120 ಮಿಲಿಮೀಟರ್ ರೇಡಿಯೇಟರಿಗೆ ನೂರು ವ್ಯಾಟು ಅಂತ ಲೆಕ್ಕ ಹಾಕಿ 360ರದ್ದು ಎರಡು ತಂದಿದೀನಿ. ಒಂದು ಮುಂದೆ, ಒಂದು ಮೇಲೆ.”

“ನಿನ್ನ ಲೆಕ್ಕದಲ್ಲೇ ನೂರು ವ್ಯಾಟು ಕಮ್ಮಿ ಬಿತ್ತು, ಇರ್ಲಿ. ಆ 700 ವ್ಯಾಟಲ್ಲಿ ನೀನು ಮಾಡೋದೇನು?”

“ಎಕ್ಸೆಲ್ಲು...”

“ಜೋರಾಗಿ ಹೇಳು, ಸುಮಾಗೆ ಕೇಳಿಸ್ಲಿಲ್ಲ.”

“ಶನಿವಾರ ಗೇಮು ಆಡ್ತೀನಿ ಕಣೋ!”

“ನೋಡು, ದೊಡ್ಡ ಗಾಳಿ ಕೂಲರಿನ ತಾಮ್ರದ ಹೀಟ್ ಪೈಪ್ ಇದೆಯಲ್ಲ, ಅದರೊಳಗೂ ಒಂದು ತೊಟ್ಟು ನೀರೇ ಇರೋದು. ಆವಿಯಾಗಿ ಅತ್ತ ಹೋಗುತ್ತೆ, ತಣ್ಣಗಾಗಿ ಇತ್ತ ಬರುತ್ತೆ. ಪಂಪಿಲ್ಲ, ಸೋರಿಕೆ ಇಲ್ಲ, ವರ್ಷಕ್ಕೊಮ್ಮೆ ನೀರು ಬದಲಾಯಿಸೋ ಕಾಟ ಇಲ್ಲ. ಆ ಹಮಾಲಿ ಪೇಟ ಕೇಳಲ್ಲ. ಇನ್ನು ಗ್ರಾಫಿಕ್ಸ್ ಕಾರ್ಡಿನ ಬ್ಲಾಕು ಆ ಒಂದು ಬೋರ್ಡಿಗೆ ಮಾತ್ರ ಕೂರೋದು. ನಾಳೆ ಕಾರ್ಡು ಬದಲಾಯಿಸಿದ್ರೆ ಆ ತಾಮ್ರದ ಹಲಗೆ ಕಾಗದ ಹಾರದ ಹಾಗೆ ಮೇಲಿಡೋಕೆ.”

ರಾಯರಿಗೆ ಈ ಜಗಳ ಬೇಕಿರಲಿಲ್ಲ, ಪೈಪು ಬೇಕಿತ್ತು. “ಮೊದಲು ಯಾವುದು, ಆಮೇಲೆ ಯಾವುದು? ಪ್ರೊಸೆಸರ್ ಬಿಟ್ಟ ನೀರು ನೇರ ಗ್ರಾಫಿಕ್ಸಿಗೆ ಹೋದ್ರೆ ಅದು ಬಿಸಿ ನೀರಲ್ವೇ?”

“ಎಲ್ಲರೂ ಹಾಗೇ ಅಂದ್ಕೋತಾರೆ ಸಾರ್,” ಅಂದ ನಾಣಿ. ಇಂಥ ಪ್ರಶ್ನೆ ಬಂದರೆ ಅವನಿಗೆ ತಾನು ವಿರೋಧ ಪಕ್ಷ ಅನ್ನೋದೇ ಮರೆತುಹೋಗುತ್ತೆ. “ನಿಮಿಷಕ್ಕೆ ನಾಲ್ಕು ಲೀಟರ್ ಹರಿದ್ರೆ, 400 ವ್ಯಾಟ್ ದಾಟಿ ಬಂದ ನೀರು ಒಂದೂವರೆ ಡಿಗ್ರಿನೂ ಏರಲ್ಲ. ಸುತ್ತು ಯಾವ ಕ್ರಮದಲ್ಲಿದ್ರೂ ನಡೆಯುತ್ತೆ. ಒಂದೇ ನಿಯಮ, ಟ್ಯಾಂಕು ಪಂಪಿಗಿಂತ ಮೊದಲಿರಬೇಕು, ಮೇಲಿರಬೇಕು. ಈ ಡಿ5 ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ಒಣಗಿ ಓಡಿಸಿದ್ರೆ ಸತ್ತೇಹೋಗುತ್ತೆ. ಇನ್ನೊಂದು, ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬಾರದು. ಒಂದೇ ನೀರಲ್ಲಿ ಇಬ್ಬರೂ ಸೇರಿದ್ರೆ ಅಲ್ಯೂಮಿನಿಯಂ ಕರಗ್ತಾ ಬರುತ್ತೆ.”

“ಹಾಗಾದ್ರೆ ಪರೀಕ್ಷೆ ಮಾಡೋಣ,” ರಾಯರು ಪಂಚೆ ಎತ್ತಿ ಕಟ್ಟಿದರು.

ನೀರು ತುಂಬುವ ಮೊದಲು ಗಾಳಿ. ಶೀನಿ ಒತ್ತಡ ಅಳೆಯುವ ಮೀಟರಿನ ಪುಟ್ಟ ಕೈಪಂಪು ಒತ್ತಿ ಅರ್ಧ ಬಾರ್‌ಗೆ ತಂದ. “ಐದು ಮೀಟರ್ ನೀರಿನ ಭಾರ,” ರಾಯರು ಬಾಯಲ್ಲೇ ಲೆಕ್ಕ ಹಾಕಿದರು. ಹದಿನೈದು ನಿಮಿಷ ಮುಳ್ಳು ಅಲ್ಲಾಡಬಾರದು. ಎರಡನೇ ನಿಮಿಷಕ್ಕೇ ಇಳಿಯತೊಡಗಿತು.

ಶೀನಿ ಬೆವರಿದ. ರಾಯರು ಮಾತ್ರ ಇಪ್ಪತ್ತು ವರ್ಷ ಚಿಕ್ಕವರಾದರು. ಒಂದೊಂದೇ ಜೋಡಣೆಯ ಹತ್ತಿರ ಕಿವಿ ಇಟ್ಟು ಬಂದವರು ಮೇಲಿನ ಮೂಲೆಯಲ್ಲಿ ನಿಂತರು. ಆ ಕೊಳವೆ ಬಿಚ್ಚಿಸಿ ಅದರ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಉಗುರು ತೊಡರಿತು. ಫಿಟಿಂಗಿನ ಓ-ರಿಂಗಿನಲ್ಲಿ ಕೂದಲೆಳೆಯಷ್ಟು ಗೀರು.

“ಗರಗಸದಿಂದ ಕೊಯ್ದವನು ಅಂಚು ಉಜ್ಜಲಿಲ್ಲ. ಚೂಪು ತಾಗಿ ರಬ್ಬರ್ ಸೀಳಿದೆ. ನಮ್ಮಲ್ಲಾಗಿದ್ರೆ ಮೆಮೋ ಕೊಡ್ತಿದ್ವಿ.”

ಅಂಚು ಉಜ್ಜಿ, ಹೊಸ ರಿಂಗಿಗೆ ನೀರು ಸವರಿ ಕೂರಿಸಿದ ಮೇಲೆ ಮುಳ್ಳು ನಿಂತಿತು. ಪವರ್ ಸಪ್ಲೈನ 24 ಪಿನ್ನಿನ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸಿ, 16ನೇ ಪಿನ್ನಿನ ಹಸಿರು ತಂತಿಯನ್ನು ಪಕ್ಕದ ಕಪ್ಪಿಗೆ ಸೇರಿಸಿ, ಪಂಪೊಂದಕ್ಕೇ ಕರೆಂಟು ಕೊಟ್ಟರು. ಎರಡು ಸೆಕೆಂಡ್ ಓಡಿಸು, ನಿಲ್ಲಿಸು, ಟ್ಯಾಂಕು ತುಂಬು, ಮತ್ತೆ ಓಡಿಸು. ಕ್ಯಾಬಿನೆಟ್ಟನ್ನು ಅತ್ತಿತ್ತ ವಾಲಿಸಿದಾಗ ಗುಳುಗುಳು ಗುಳ್ಳೆ. ಜೋಡಣೆಗಳ ಕೆಳಗೆಲ್ಲ ಟಿಶ್ಯೂ ಹಾಸಿ, ಒದ್ದೆಯಾಗುತ್ತಾ ನೋಡುತ್ತಾ ಕೂತದ್ದಾಯಿತು.

“ಎಷ್ಟು ಡಿಗ್ರಿಗೆ ಇಳಿಸಬಹುದು ಇದನ್ನ?” ಕೇಳಿದರು ರಾಯರು.

“ಕೋಣೆ ಎಷ್ಟಿದೆಯೋ ಅದಕ್ಕಿಂತ ಕೆಳಗೆ ಇಳಿಯೋ ಮಾತೇ ಇಲ್ಲ ಸಾರ್. ಹಮಾಲಿ ಮೂಟೆ ಇಳಿಸೋದು ಕೋಣೆಯ ಗಾಳಿಗೆ ತಾನೆ? ಕೋಣೆ 34 ಇದ್ರೆ ನೀರು 44.”

“34...” ರಾಯರು ಕಿಟಕಿ ಕಡೆ ತಿರುಗಿದರು. “ನಾವು ಬಸವನಗುಡಿಗೆ ಬಂದಾಗ ಮನೇಲಿ ಫ್ಯಾನೇ ಇರ್ಲಿಲ್ಲ. ಮೇ ತಿಂಗಳಲ್ಲೂ ಬೆಳಗಿನ ಜಾವ ಕಂಬಳಿ ಎಳ್ಕೋತಿದ್ವಿ. ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮತ್ತಿಗೆ, ಇದೇನು ಊರೇ ಇಷ್ಟು ತಣ್ಣಗೆ ಅಂತ ಅತ್ತಿದ್ಲು, ಬಳ್ಳಾರಿಯವಳು ಪಾಪ. 2016ರ ಏಪ್ರಿಲಲ್ಲಿ 39.2 ಆದಾಗ ಅವಳಿದ್ದಿದ್ರೆ, ತವರುಮನೆಗೆ ಬಂದ ಹಾಗಾಯ್ತು ಅಂತಿದ್ಲೇನೋ.”

ಯಾರೂ ನಗಲಿಲ್ಲ, ರಾಯರೇ ಸ್ವಲ್ಪ ನಕ್ಕರು.

“ಊರೂ ಮೂಟೆ ಹೊರ್ತಾನೇ ಇದೆ ಸಾರ್,” ಅಂದ ನಾಣಿ, ದನಿ ತಗ್ಗಿಸಿ. “ಕಂಪ್ಯೂಟರ್ ಕೋಣೆಗೆ ಇಳಿಸುತ್ತೆ, ಕೋಣೆ ಬೀದಿಗೆ ಇಳಿಸುತ್ತೆ. ಬೀದಿಗೆ ಇಳಿಸೋಕೆ ಜಾಗ ಇಲ್ಲ.”

“ಎಸಿ ಹಾಕಿಸಿದ್ರೆ?” ಶೀನಿ ಆಸೆಯಿಂದ ಕೇಳಿದ.

“ಹಾಕ್ಸು. ಹಮಾಲಿ ಹೊತ್ತ ಮೂಟೆ ಹೊರೋಕೆ ಇನ್ನೊಬ್ಬ ಹಮಾಲಿ.”

ಸುಮಾ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಕೈ ಹಿಡಿದು ನೋಡುತ್ತಿದ್ದಳು. “ನಾಣಣ್ಣ, ಇದು ಪೂರ್ತಿ ಓಡಿದಾಗ ಇಲ್ಲಿಂದ ಬಿಸಿ ಗಾಳಿ ಬರುತ್ತಲ್ವಾ? ಒಂದೇ ಸಮನೆ?”

“ಆರು ಫ್ಯಾನಿನ ಗಾಳಿ. ಯಾಕೆ?”

“ಈ ಸಲ ಮೋಡ ಬಿಡ್ತಾನೇ ಇಲ್ಲ. ಸಂಡಿಗೆ ಒಣಗೋದು ಹೇಗೆ ಅಂತ ಯೋಚಿಸ್ತಿದ್ದೆ.”

“ಅಯ್ಯೋ!” ಅಂದ ಶೀನಿ.

ನಾಣಿ ಮಾತ್ರ ಎದ್ದು ಬಂದು ಗಂಭೀರವಾಗಿ ಅಳತೆ ನೋಡಿದ. “ಮುಂದಿನ ರೇಡಿಯೇಟರ್ ಗಾಳಿ ಒಳಗೆಳೆಯುತ್ತೆ, ಆ ಕಡೆ ಇಟ್ರೆ ಹಿಟ್ಟಿನ ಪುಡಿ ಫಿನ್ನುಗಳಲ್ಲಿ ಕೂರುತ್ತೆ. ಮೇಲಿನದರ ಮೇಲೇ ಇಡಿ, ಆದ್ರೆ ತಟ್ಟೆ ಬೇಡ, ಗಾಳಿ ಕಟ್ಟುತ್ತೆ. ತೆಳು ಬಟ್ಟೆ, ನಾಲ್ಕು ಬೆರಳು ಎತ್ತರದಲ್ಲಿ. ಅರಳು ಸಂಡಿಗೆ ಆದ್ರೆ ಸರಿ. ಸಬ್ಬಕ್ಕಿದು ಬೇಡ, ಸೋರುತ್ತೆ.”